ಮಠದೆಡೆಗೆ ಮರಳಿದ ದಾಸ್ತೋವ್‌ಸ್ಕಿ

ರಷ್ಯಾದ ಮಹಾಕಾದಂಬರಿಕಾರ ಫ್ಯೋದರ್ ದಾಸ್ತೋವ್‌ಸ್ಕಿ 1821ರಲ್ಲಿ ಮಾಸ್ಕೋ ನಗರದಲ್ಲಿ ಜನಿಸಿದರು. ಬಾಲ್ಯದಲ್ಲಿ ದೈವಭಕ್ತೆಯಾದ ತಾಯಿಯೊಡನೆ ಸಂತ ಸೆರ್ಗಿಯಸ್ ಮಠಕ್ಕೆ ಯಾತ್ರೆ ಹೋಗುತ್ತಿದ್ದರು. ತಾರುಣ್ಯದಲ್ಲಿ ಕ್ರಾಂತಿಕಾರಿ ವಿಚಾರಗಳ ಸೆಳೆತದಿಂದ ಆ ಶ್ರದ್ಧೆ ಅಲುಗಿತು. 1849ರಲ್ಲಿ ಮರಣದಂಡನೆಗೆ ಗುರಿಯಾಗಿ, ಕಡೆಯ ಗಳಿಗೆಯಲ್ಲಿ ಜೀವ ಉಳಿದು, ಸೈಬೀರಿಯಾದಲ್ಲಿ ನಾಲ್ಕು ವರ್ಷ ಕಠಿಣ ಸಜೆ ಅನುಭವಿಸಿದರು. ಅಲ್ಲಿ ಬಳಿಯಲ್ಲಿದ್ದ ಹೊಸ ಒಡಂಬಡಿಕೆಯ ಪ್ರತಿಯನ್ನು ಜೀವನದುದ್ದಕ್ಕೂ ಕಾಪಾಡಿಕೊಂಡರು. ಆದರೂ ಸಂಶಯ ಅವರನ್ನು ಬಿಡಲಿಲ್ಲ.

1878ರ ಮೇ ತಿಂಗಳಲ್ಲಿ, ಮೂರು ವರ್ಷ ತುಂಬದ ಮಗ ಅಲ್ಯೋಷಾ ಅಪಸ್ಮಾರದಿಂದ ತೀರಿಕೊಂಡನು. ತಂದೆಗೂ ಅದೇ ರೋಗ. ತಮ್ಮಿಂದಲೇ ಅದು ಮಗುವಿಗೆ ಬಂದಿತೆಂಬ ಕೊರಗು ಅವರನ್ನು ಕುಗ್ಗಿಸಿತು. ಪತ್ನಿ ಅನ್ನಾ ಅವರ ಒತ್ತಾಸೆಯಿಂದ, ಜೂನ್ ತಿಂಗಳಲ್ಲಿ ತರುಣ ತತ್ತ್ವಜ್ಞಾನಿ ಸೊಲೊವ್ಯೋವ್ ಅವರೊಡನೆ ಆಪ್ತಿನಾ ಮಠಕ್ಕೆ ತೆರಳಿದರು. ಹಿರಿಯ ಸಂನ್ಯಾಸಿ ಆಂಬ್ರೋಸ್ ಅವರನ್ನು ಮೂರು ಬಾರಿ ಕಂಡು, ಸಮಾಧಾನ ಹೊಂದಿ ಹಿಂದಿರುಗಿದರು.

ಆ ಸಾಂತ್ವನವೇ 1879-80ರಲ್ಲಿ ಪ್ರಕಟವಾದ 'ಕಾರಮಜೋವ್ ಸಹೋದರರು' ಕಾದಂಬರಿಯಲ್ಲಿ, ಮಗುವನ್ನು ಕಳೆದುಕೊಂಡ ತಾಯಿಗೆ ದೊರೆಯುತ್ತದೆ. ಕಥಾನಾಯಕನ ಹೆಸರೂ ಅಲ್ಯೋಷಾ. ಮುಗ್ಧ ಮಕ್ಕಳೇಕೆ ನರಳಬೇಕೆಂಬ ಪ್ರಶ್ನೆಯನ್ನೂ ಅವರು ಅದರಲ್ಲಿ ಮರೆಮಾಚಲಿಲ್ಲ. 1881ರಲ್ಲಿ ನಿಧನರಾದ ಈ ಲೇಖಕರ ಶ್ರದ್ಧೆ, ಸಂಶಯವನ್ನು ಎದುರಿಸಿಯೇ ಗಟ್ಟಿಗೊಂಡ ಶ್ರದ್ಧೆ.