ಮೊಲಗಳ ಪಕ್ಷ ಹಿಡಿದ ಹಾಸ್ಯಗಾರ: ಜೇಮ್ಸ್ ಥರ್ಬರ್

ಕಥೆಯ ಕೊನೆಗೊಂದು ನೀತಿ ಇರಬೇಕೆಂಬುದು ನಮ್ಮ ಮನೆಗಳಲ್ಲಿ ಹಿಂದಿನಿಂದ ಬಂದ ವಾಡಿಕೆ. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹನು ಪಂಚತಂತ್ರವನ್ನು ಕನ್ನಡಕ್ಕೆ ತಂದಂದಿನಿಂದ ಸಿಂಹ, ನರಿ, ಮೊಲಗಳು ಕನ್ನಡಿಗರಿಗೆ ಬುದ್ಧಿ ಹೇಳುತ್ತಲೇ ಬಂದಿವೆ. ಇಂತಹ ಪ್ರಾಣಿಗಳನ್ನೇ ಕರೆತಂದು, ಇಪ್ಪತ್ತನೆಯ ಶತಮಾನದ ದೊಡ್ಡವರಿಗೆ ನಗುನಗುತ್ತಲೇ ಚುರುಕು ಮುಟ್ಟಿಸಿದವರು ಅಮೆರಿಕದ ಜೇಮ್ಸ್ ಥರ್ಬರ್. ಅವರು ತೀರಿಕೊಂಡದ್ದು 1961ನೆಯ ನವೆಂಬರ್ 2ರಂದು, ಎಂದರೆ ನಮ್ಮ ರಾಜ್ಯೋತ್ಸವದ ಮರುದಿನ. ಆ ನೆನಪಿನಲ್ಲಿ ಅವರ ಜೀವನವನ್ನು ವಾಚಕರ ಮುಂದಿಡುತ್ತಿದ್ದೇವೆ.

ಥರ್ಬರರು 1894ನೆಯ ಡಿಸೆಂಬರ್ 8ರಂದು ಒಹಾಯೊ ಸಂಸ್ಥಾನದ ಕೊಲಂಬಸ್ ನಗರದಲ್ಲಿ ಹುಟ್ಟಿದರು. ತಾಯಿ ಮೇರಿ ಆಗ್ನೆಸ್ ಬಂದವರನ್ನೆಲ್ಲ ಬೇಸ್ತುಬೀಳಿಸುವ ವಿನೋದಗಾರ್ತಿ. ಮಗನಿಗೆ ಹಾಸ್ಯದ ಮೊದಲ ಪಾಠ ಮನೆಯಲ್ಲಿಯೇ ಆಯಿತು. ಎಳೆಯ ವಯಸ್ಸಿನಲ್ಲಿ, ವಿಲಿಯಂ ಟೆಲ್‌ನ ಬಿಲ್ಲಿನಾಟವನ್ನು ಆಡುತ್ತಿರುವಾಗ, ಅಣ್ಣ ಬಿಟ್ಟ ಬಾಣ ತಗಲಿ ಎಡಗಣ್ಣು ಹೋಯಿತು. ಉಳಿದ ಕಣ್ಣೂ ಕ್ರಮೇಣ ಮಬ್ಬಾಗುತ್ತ ಬಂತು. ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ 1913ರಲ್ಲಿ ಸೇರಿದವರು, ದೃಷ್ಟಿದೋಷದಿಂದ ಕಡ್ಡಾಯದ ಸೈನಿಕ ಶಿಕ್ಷಣವನ್ನು ಮುಗಿಸಲಾಗದೆ, 1918ರಲ್ಲಿ ಪದವಿಯಿಲ್ಲದೆ ಹೊರಬಂದರು.

ಕೊಲಂಬಸ್, ಪ್ಯಾರಿಸ್, ನ್ಯೂಯಾರ್ಕ್ ನಗರಗಳಲ್ಲಿ ವರದಿಗಾರರಾಗಿ ದುಡಿದು, 1927ರಲ್ಲಿ ಅವರು 'ನ್ಯೂಯಾರ್ಕರ್' ಪತ್ರಿಕೆಯನ್ನು ಸೇರಿದರು. ಅಲ್ಲಿ ಅವರು ಪೆನ್ಸಿಲಿನಿಂದ ಗೀಚಿ ಎಸೆಯುತ್ತಿದ್ದ ಚಿತ್ರಗಳನ್ನು ಆಯ್ದು ಅಚ್ಚಿಗೆ ಕಳುಹಿಸುವಂತೆ ಮಾಡಿದವರು ಸಹೋದ್ಯೋಗಿ ಇ. ಬಿ. ವೈಟ್. ದಪ್ಪ ನಾಯಿಗಳು, ಗದರುವ ಹೆಂಗಸರು, ಹೆದರುವ ಗಂಡಸರು ತುಂಬಿದ್ದ ಆ ಚಿತ್ರಗಳು ಬೇಗನೆ ಮನೆಮಾತಾದವು. 1939ರಲ್ಲಿ ಬಂದ ವಾಲ್ಟರ್ ಮಿಟ್ಟಿಯ ಕಥೆ, ಹೆಂಡತಿಗೆ ಅಂಜುತ್ತ ಹಗಲುಗನಸಿನಲ್ಲಿ ಶೂರನಾಗುವ ಬಡಪಾಯಿಯನ್ನು ಜಗತ್ತಿಗೆ ಪರಿಚಯಿಸಿತು.

ಮರುವರ್ಷ, 1940ರಲ್ಲಿ, ಅವರ ನೀತಿಕಥೆಗಳ ಮೊದಲ ಪುಸ್ತಕ ಪ್ರಕಟವಾಯಿತು. ಅಲ್ಲಿನ ಹುಡುಗಿ ಅಜ್ಜಿಯ ವೇಷದ ತೋಳವನ್ನು ಕಂಡು ಮೋಸಹೋಗುವುದಿಲ್ಲ. ಬುಟ್ಟಿಯಿಂದ ಪಿಸ್ತೂಲು ತೆಗೆದು ಸುಟ್ಟುಬಿಡುತ್ತಾಳೆ. ಆದರೆ ನಾವು ಮರೆಯಲಾಗದ ಕಥೆ ಮೊಲಗಳದು. ಭೂಕಂಪವಾದರೆ ಮೊಲಗಳು ನೆಲ ಗುದ್ದಿದ್ದರಿಂದ. ಸಿಡಿಲು ಬಡಿದರೆ ಮೊಲಗಳು ಸೊಪ್ಪು ತಿಂದದ್ದರಿಂದ. ಪ್ರವಾಹ ಬಂದರೂ ಮೊಲಗಳಿಂದ. ಹೀಗೆ ತೋಳಗಳು ಎಲ್ಲಕ್ಕೂ ಅವುಗಳ ತಲೆಯ ಮೇಲೆಯೇ ಗೂಬೆ ಕೂರಿಸುತ್ತವೆ. ಓಡಿಹೋಗಲು ಹೊರಟ ಮೊಲಗಳಿಗೆ ದೂರದ ಪ್ರಾಣಿಗಳು ಧೈರ್ಯದ ಉಪದೇಶ ಮಾಡಿ ತಡೆಯುತ್ತವೆ. ಕೊನೆಗೆ ತೋಳಗಳು, ರಕ್ಷಣೆಗಾಗಿಯೆಂದು ಹೇಳಿ, ಮೊಲಗಳನ್ನು ಗುಹೆಯಲ್ಲಿ ಕೂಡಿಹಾಕಿ ತಿಂದು ಮುಗಿಸುತ್ತವೆ. ಕೇಳಿದವರಿಗೆ ಅದು ತಮ್ಮ ಮನೆಯ ವಿಚಾರವೆಂದು ತಿಳಿಸುತ್ತವೆ. ಹಿಟ್ಲರನ ಸೇನೆ ಪೋಲೆಂಡಿಗೆ ನುಗ್ಗಿದ 1939ರಲ್ಲಿಯೇ ಈ ಕಥೆ ಪತ್ರಿಕೆಯಲ್ಲಿ ಬಂದಿತೆಂದರೆ ಹೆಚ್ಚಿನ ವಿವರಣೆ ಬೇಕಿಲ್ಲ.

ಥರ್ಬರರ ವ್ಯಂಗ್ಯದ ಬಗೆ ಇದೇ. ಅವರು ತೋಳವನ್ನು ಬೈಯುವುದಿಲ್ಲ. ತೋಳದ ತರ್ಕವನ್ನೇ ಶಾಂತವಾಗಿ, ಸರ್ಕಾರಿ ಪ್ರಕಟಣೆಯಂತೆ ಒಪ್ಪಿಸುತ್ತಾರೆ. ನಕ್ಕ ಓದುಗನಿಗೆ ಮರುಕ್ಷಣವೇ ಆ ತರ್ಕವನ್ನು ಎಲ್ಲಿ ಕೇಳಿದ್ದೆನೆಂಬುದು ಹೊಳೆಯುತ್ತದೆ.

ಆ ಪುಸ್ತಕ ಬಂದ ಕಾಲದಲ್ಲಿ ಕಣ್ಣಿಗೆ ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆಗಳಾದರೂ ದೃಷ್ಟಿ ಉಳಿಯಲಿಲ್ಲ. ಚಿತ್ರ ಬರೆಯುವುದು ನಿಂತಿತು. ಕಥೆಗಳನ್ನು ಮನಸ್ಸಿನಲ್ಲಿಯೇ ತಿದ್ದಿ ಬರೆಯಿಸತೊಡಗಿದರು. ಅಷ್ಟರಲ್ಲಿ ಅಮೆರಿಕದಲ್ಲಿ ಸೆನೆಟರ್ ಮೆಕಾರ್ಥಿಯ ಕಾಲ ಬಂತು. ಯಾರನ್ನು ಬೇಕಾದರೂ ದೇಶದ್ರೋಹಿಯೆನ್ನುವುದು ಸುಲಭವಾಯಿತು. ತಾವು ಓದಿದ ವಿಶ್ವವಿದ್ಯಾನಿಲಯ ಅತಿಥಿ ಭಾಷಣಕಾರರ ಬಾಯಿಗೆ ಕಟ್ಟು ಹಾಕಿದಾಗ, ಅದು ನೀಡಬಂದ ಗೌರವ ಪದವಿಯನ್ನು ಥರ್ಬರರು 1951ರಲ್ಲಿ ನಿರಾಕರಿಸಿದರು. 1956ರಲ್ಲಿ ನೀತಿಕಥೆಗಳ ಎರಡನೆಯ ಪುಸ್ತಕ ಬಂತು. ಅದರಲ್ಲೊಂದು ಮುಂಗುಸಿ ನಾಗರಹಾವಿನೊಡನೆ ಕಾದಾಡಲು ಒಲ್ಲೆನೆನ್ನುತ್ತದೆ; ಅದನ್ನು ಶಿಕ್ಷಿಸುವವರು ಹಾವುಗಳಲ್ಲ, ಅದರ ಕುಲದವರೇ. ಮಗುವನ್ನು ಕಾಪಾಡಿಯೂ ಮನೆಯವರ ಸಂಶಯಕ್ಕೆ ಬಲಿಯಾದ ನಮ್ಮ ಮುಂಗುಸಿಯ ಕಥೆ ಬಲ್ಲವರಿಗೆ ಇದು ಹೊಸದೆನಿಸದು.

1960ರಲ್ಲಿ, ಕುರುಡಾಗಿದ್ದರೂ, ತಮ್ಮ ಬರಹಗಳಿಂದಲೇ ಕಟ್ಟಿದ ನಾಟಕದಲ್ಲಿ ತಾವಾಗಿಯೇ ರಂಗವೇರಿ ನಟಿಸಿದರು. ಅವರು ಅಂದು ಒಲ್ಲದ ವಿಶ್ವವಿದ್ಯಾನಿಲಯ 1995ರಲ್ಲಿ ಮರಣೋತ್ತರವಾಗಿ ಗೌರವ ಪದವಿ ನೀಡಿತು.

ಮನೆಯಲ್ಲೊಂದು ನುಡಿ, ಬೀದಿಯಲ್ಲೊಂದು ನುಡಿ ಆಡುತ್ತ ಬಾಳುವ ನಮಗೆ, ಕೆಲವೇ ಮಂದಿ ಇರುವವರ ಮೇಲೆ ತಪ್ಪು ಹೊರಿಸುವುದು ಎಷ್ಟು ಸುಲಭವೆಂದು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಬ್ಬರ ಸರದಿ ಬಂದಾಗ ದೂರದ ಪ್ರಾಣಿಗಳಂತೆ ಕುಳಿತಿರುವುದೂ ನಮಗೆ ಅಷ್ಟೇ ಸುಲಭ. ಪಂಚತಂತ್ರದ ಜೊತೆಗೆ ಮೊಲಗಳ ಈ ಕಥೆಯನ್ನೂ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಹೇಳೋಣ. ನೀತಿಯೇನೆಂಬುದನ್ನು ಮಾತ್ರ ಅವರ ಬಾಯಿಂದಲೇ ಕೇಳೋಣ.