ಶಿಕ್ಷಕರ ಶಿಕ್ಷಕರು ಶ್ರೀ ಪಂಜೆ ಮಂಗೇಶರಾಯರು

ಅನ್ನದಾಸೋಹದೊಡನೆ ಅಕ್ಷರದಾಸೋಹವನ್ನೂ ನಡೆಯಿಸುತ್ತ ಬಂದ ಮಠಗಳ ಸದ್ಭಕ್ತರಿಗೆ, ವಿದ್ಯೆಯೆಂಬ ಸೋಪಾನದ ಮೊದಲನೆಯ ಮೆಟ್ಟಿಲೇ ಕಠಿಣವಾದುದೆಂಬ ಸಂಗತಿಯು ಅಪರಿಚಿತವಲ್ಲ. ಶಾಸ್ತ್ರಪಾಠವನ್ನು ಹೇಳುವ ಗುರುವಿನ ಬಳಿಗೆ ಬರುವ ಶಿಷ್ಯನು ಅದಾಗಲೇ ಓದಬಲ್ಲವನು, ಕೇಳಬಲ್ಲವನು. ಪ್ರಾಥಮಿಕ ಶಾಲೆಯ ಉಪಾಧ್ಯಾಯನ ಬಳಿಗೆ ಬರುವವನಾದರೋ ತಾಯ ಸೆರಗನ್ನು ಬಿಟ್ಟು ಬಂದ ಶಿಶು. ಆ ಶಿಶುವಿಗೆ ಅಕ್ಷರವನ್ನು ತಿದ್ದಿಸತಕ್ಕವನೂ, ಲೆಕ್ಕವನ್ನು ಕಲಿಸತಕ್ಕವನೂ, ನಾಡಿನ ಚರಿತ್ರೆಯನ್ನೂ ಭೂಮಿಯ ವಿವರವನ್ನೂ ಗಿಡಮರ ಪಶುಪಕ್ಷಿಗಳ ಗುಣವನ್ನೂ ಹೇಳತಕ್ಕವನೂ, ಹಾಡಿಸತಕ್ಕವನೂ ಆಡಿಸತಕ್ಕವನೂ ಒಬ್ಬನೇ. ಇಂತಹ ಸಕಲವಿಷಯಗಳ ಭಾರವನ್ನು ಹೊರತಕ್ಕವನನ್ನು ಸಿದ್ಧಗೊಳಿಸುವವರು ಯಾರು? ಈ ಪ್ರಶ್ನೆಗೆ ತಮ್ಮ ಜೀವಿತವನ್ನೇ ಉತ್ತರವಾಗಿ ಕೊಟ್ಟವರಲ್ಲಿ ಮಂಗಳೂರಿನ ಪಂಜೆ ಮಂಗೇಶರಾಯರು ಅಗ್ರಗಣ್ಯರು. ಅವರ ಚರಿತ್ರೆಯನ್ನು ಸಂಕ್ಷೇಪವಾಗಿ ನಿವೇದಿಸುವುದೇ ಈ ಲೇಖನದ ಉದ್ದೇಶವು.

ರಾಯರು 1874ನೆಯ ಇಸವಿಯ ಫೆಬ್ರುವರಿ 22ರಂದು ನೇತ್ರಾವತೀ ತೀರದ ಬಂಟವಾಳದಲ್ಲಿ ಜನಿಸಿದರು. ಪಂಜವು ಪೂರ್ವಿಕರ ಗ್ರಾಮವಾದ್ದರಿಂದ ಆ ಹೆಸರು ಮನೆತನಕ್ಕೆ ಅಂಟಿಕೊಂಡಿತು. ಮನೆಯ ಮಾತು ಕೊಂಕಣಿ. ಬೀದಿಯ ಮಾತು ತುಳು. ಶಾಲೆಯ ಮಾತು ಕನ್ನಡ. ತಾರುಣ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಸಂಸಾರದ ಕಷ್ಟದ ನಡುವೆ ಮಂಗಳೂರಿನಲ್ಲಿ ವಿದ್ಯಾಭ್ಯಾಸವನ್ನು ಮುಂದುವರಿಸಿದರು. 1896ರಲ್ಲಿ ಅಲ್ಲಿನ ಸರಕಾರಿ ಕಾಲೇಜಿನ ಕನ್ನಡ ಪಂಡಿತರಾದರು. ಉದ್ಯೋಗದಲ್ಲಿದ್ದುಕೊಂಡೇ ಬಿ.ಎ. ಪದವಿಯನ್ನು ಪಡೆದು, ಬಳಿಕ ಅಧ್ಯಾಪನಶಾಸ್ತ್ರದ ಎಲ್.ಟಿ. ಪರೀಕ್ಷೆಯಲ್ಲಿಯೂ ಉತ್ತೀರ್ಣರಾದರು. ಕಲಿಸುತ್ತಲೇ ಕಲಿಯುವುದು ಅವರಿಗೆ ಆ ದಿನಗಳಿಂದಲೇ ಸ್ವಭಾವವಾಯಿತು.

ಆ ಕಾಲದ ಮಂಗಳೂರಿನ ಸ್ಥಿತಿಯನ್ನು ತಿಳಿಯದೆ ರಾಯರ ಕಾರ್ಯದ ಬೆಲೆಯು ತಿಳಿಯಲಾರದು. ದಕ್ಷಿಣ ಕನ್ನಡವು ಆಗ ಮದ್ರಾಸು ಪ್ರಾಂತಕ್ಕೆ ಸೇರಿದ್ದ ಜಿಲ್ಲೆ. 1834ರಲ್ಲಿ ಬಂದ ಬಾಸೆಲ್ ಮಿಶನ್ ಸಂಸ್ಥೆಯವರು ಶಾಲೆಗಳನ್ನು ತೆರೆದು, ಮುದ್ರಣಾಲಯವನ್ನು ಸ್ಥಾಪಿಸಿ, 1843ರಲ್ಲಿ ಮಂಗಳೂರ ಸಮಾಚಾರವೆಂಬ ಕನ್ನಡದ ಮೊದಲನೆಯ ವೃತ್ತಪತ್ರಿಕೆಯನ್ನು ಹೊರಡಿಸಿದ್ದರು. ಹೀಗೆ ಶಾಲೆಗಳೂ ಅಚ್ಚಿನ ಪುಸ್ತಕಗಳೂ ಇದ್ದುವಾದರೂ, ಮಕ್ಕಳಲ್ಲಿ ಅನೇಕರಿಗೆ ಕನ್ನಡವು ಮನೆಯ ಮಾತಾಗಿರಲಿಲ್ಲ. ತುಳು, ಕೊಂಕಣಿ, ಬ್ಯಾರಿ, ಮಲೆಯಾಳಗಳನ್ನಾಡುವ ಮಕ್ಕಳು ಒಂದೇ ಹಲಗೆಯ ಮೇಲೆ ಕುಳಿತು, ಕೇಳಿ ಅರಿಯದ ನುಡಿಯಲ್ಲಿ ಅರಿಯದ ವಿಷಯವನ್ನು ಕಲಿಯಬೇಕಾಗಿತ್ತು. ಮಗುವಿಗೆ ಅರ್ಥವು ದೊರೆಯದಿದ್ದಲ್ಲಿ ಉಪಾಧ್ಯಾಯನಿಗೆ ಉಳಿಯುವ ಉಪಾಯವು ಬಾಯಿಪಾಠ ಮತ್ತು ಬೆತ್ತ. ಇವೆರಡಕ್ಕೂ ಬೆದರಿದ ಮಗುವು ಶಾಲೆಯನ್ನೇ ಬಿಡುವುದು. ಬಡವನ ಮಗುವಾದರೆ ಮರಳಿ ಬರುವುದೇ ಇಲ್ಲ.

ರಾಯರು ಶಾಲಾ ತನಿಖೆಯ ಅಧಿಕಾರಿಯಾಗಿ ಹಳ್ಳಿಗಳನ್ನು ಸುತ್ತಿದರು; ಮಂಗಳೂರಿನ ಉಪಾಧ್ಯಾಯರ ತರಬೇತಿ ಶಾಲೆಯಲ್ಲಿ ಅಧ್ಯಾಪಕರಾಗಿಯೂ ಸೇವೆ ಸಲ್ಲಿಸಿದರು. ಈ ಎರಡು ಅನುಭವಗಳು ಒಂದನ್ನೊಂದು ತಿದ್ದಿದುವು. ತರಬೇತಿಯಲ್ಲಿ ಪಾಠಕ್ರಮವನ್ನು ಹೇಳಿಕೊಡುವುದು ಸುಲಭ. ಅದೇ ಕ್ರಮವು ಹಳ್ಳಿಯ ಸೋಗೆಯ ಮಾಡಿನ ಕೆಳಗೆ, ಹಲವು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡ ಒಬ್ಬನೇ ಉಪಾಧ್ಯಾಯನ ಕೈಯಲ್ಲಿ ಉಳಿಯುವುದೋ ಅಳಿಯುವುದೋ ಎಂಬುದು ಹೋಗಿ ನೋಡಿದವನಿಗಷ್ಟೇ ಗೊತ್ತು. ತನಿಖಾಧಿಕಾರಿಯೆಂದರೆ ಉಪಾಧ್ಯಾಯರೂ ಮಕ್ಕಳೂ ನಡುಗುತ್ತಿದ್ದ ಕಾಲದಲ್ಲಿ, ರಾಯರು ಮಕ್ಕಳ ನಡುವೆ ಕುಳಿತು ಕಥೆಯನ್ನು ಹೇಳುತ್ತಿದ್ದರು, ಹಾಡನ್ನು ಹಾಡಿಸುತ್ತಿದ್ದರು. ಅದನ್ನು ನೋಡುತ್ತ ನಿಂತ ಉಪಾಧ್ಯಾಯನಿಗೆ ಅದಕ್ಕಿಂತ ಮಿಗಿಲಾದ ತರಬೇತಿಯು ಬೇರೊಂದಿರಲಾರದು.

ಆದರೆ ಉಪದೇಶ ಮಾತ್ರದಿಂದ ಉಪಾಧ್ಯಾಯನ ಕೈ ತುಂಬುವುದಿಲ್ಲ. ಅವನಿಗೆ ಸಾಮಗ್ರಿಯು ಬೇಕು. ಇದನ್ನು ಕಂಡುಕೊಂಡದ್ದೇ ರಾಯರ ಹೆಚ್ಚುಗಾರಿಕೆ. ಮಗುವಿನ ನಾಲಗೆಗೆ ಹೊಂದುವ ಪದಗಳನ್ನೂ, ಅದರ ಹೆಜ್ಜೆಗೆ ಹೊಂದುವ ತಾಳವನ್ನೂ ಆರಿಸಿ ಅವರು ಶಿಶುಗೀತಗಳನ್ನು ರಚಿಸಿದರು. ನಾಗರಹಾವನ್ನು ಕುರಿತ ಗೀತವು ನಾಗಬನಗಳ ಈ ನಾಡಿನ ಮಗುವಿಗೆ ಕಂಡರಿಯದ ವಸ್ತುವಲ್ಲ. ಪರಿಚಿತವಾದ ವಸ್ತುವಿನ ಮೂಲಕ ಅಪರಿಚಿತವಾದ ನುಡಿಯು ಬಾಯಿಗೆ ಬರುತ್ತದೆ. ತೆಂಕಣ ಗಾಳಿಯಾಟವು ಗಾಳಿಯ ರಭಸವನ್ನು ಕಿವಿಗೆ ಕೇಳಿಸುತ್ತದೆ. ಉದಯರಾಗವು ಸೂರ್ಯೋದಯವನ್ನು ಕಣ್ಣಿಗೆ ಕಟ್ಟುತ್ತದೆ. ಇವುಗಳಲ್ಲಿ ಭಾಷೆಯ ಪಾಠವೂ ಪ್ರಕೃತಿಯ ಪಾಠವೂ ಸಂಗೀತದ ಪಾಠವೂ ಬೇರೆ ಬೇರೆಯಾಗಿ ನಿಲ್ಲದೆ ಒಂದಾಗಿವೆ. ತುಳುವರ ಪಾಡ್ದನಗಳ ವೀರರ ಕಥೆಯನ್ನು 1924ರಲ್ಲಿ ಕೋಟಿ ಚೆನ್ನಯವೆಂಬ ಕನ್ನಡ ಗದ್ಯಗ್ರಂಥವಾಗಿ ಬರೆದು, ಮನೆಯಲ್ಲಿ ಕೇಳಿದ ಕಥೆಯನ್ನೇ ಶಾಲೆಯ ನುಡಿಯಲ್ಲಿ ಓದುವ ಭಾಗ್ಯವನ್ನು ಮಕ್ಕಳಿಗೆ ಕಲ್ಪಿಸಿದರು. ಇಂಗ್ಲಿಷಿನ ಮಕ್ಕಳ ಕಥೆಯೊಂದು ಅವರ ಕೈಯಲ್ಲಿ ಮೂರು ಕರಡಿಗಳ ಕಥೆಯಾಗಿ ಕನ್ನಡದ್ದೇ ಆಯಿತು. ಕನ್ನಡ ಪದ್ಯಪುಸ್ತಕಗಳನ್ನು ಸಂಕಲನ ಮಾಡಿದರು. ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿ ಮಕ್ಕಳ ಪುಸ್ತಕಗಳ ಪ್ರಕಟಣೆಗೆ ದಾರಿಮಾಡಿದರು.

ಇವರು ಸುಲಭವಾಗಿ ಬರೆದದ್ದು ಪಾಂಡಿತ್ಯದ ಕೊರತೆಯಿಂದಲ್ಲ ಎಂಬುದನ್ನು ಪಾಠಶಾಲೆಗಳಲ್ಲಿ ಓದಿದ ನಮ್ಮಂಥವರು ವಿಶೇಷವಾಗಿ ಗಮನಿಸತಕ್ಕುದು. ಕೇಶಿರಾಜನ ಶಬ್ದಮಣಿದರ್ಪಣವನ್ನು ಪರಿಷ್ಕರಿಸಿ ಅಚ್ಚಿಗೆ ಅಣಿಗೊಳಿಸಿದ ವೈಯಾಕರಣರು ಇವರೇ. 1900ರ ಸುಮಾರಿಗೆ ಸುವಾಸಿನೀ ಪತ್ರಿಕೆಯಲ್ಲಿ ಬರೆದು ಕನ್ನಡದ ಸಣ್ಣಕಥೆಗೆ ಮೊದಲಿಗರಲ್ಲೊಬ್ಬರಾದವರೂ ಇವರೇ. ಸೂತ್ರಗಳನ್ನೆಲ್ಲ ಬಲ್ಲವರಾಗಿದ್ದೂ ಆ ಸೂತ್ರಗಳ ಮೂಟೆಯನ್ನು ಅವರು ಮಗುವಿನ ತಲೆಯ ಮೇಲೆ ಹೊರಿಸಲಿಲ್ಲ. ತಾನು ಅರಿತುದನ್ನೆಲ್ಲ ಹೇಳುವವನು ಪಂಡಿತನು. ಕೇಳುವವನಿಗೆ ದಕ್ಕುವಷ್ಟನ್ನು ಹೇಳುವವನು ಗುರುವು. ಗಹನವಾದ ಅನುಭಾವವನ್ನು ಜನರಾಡುವ ಕನ್ನಡದಲ್ಲಿ ನುಡಿದ ಶರಣರ ಪರಂಪರೆಯವರಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ.

ಮುಂದೆ ರಾಯರ ಸೇವೆಯು ಕೊಡಗಿಗೂ ಸಂದಿತು. ಅಲ್ಲಿಯೂ ಆ ನಾಡಿನ ಸುಗ್ಗಿಯ ಹಬ್ಬವನ್ನೇ ವಸ್ತುವಾಗಿ ಹಿಡಿದು ಹುತ್ತರಿ ಹಾಡನ್ನು ರಚಿಸಿದರು. ಕೊಡಗರು ಅದನ್ನು ತಮ್ಮದೆಂದೇ ಸ್ವೀಕರಿಸಿದರು. ಹೋದ ನಾಡಿನ ಮಕ್ಕಳಿಗೆ ಆ ನಾಡನ್ನೇ ಪಾಠವಾಗಿ ಕೊಡುವುದು ಅವರ ಪದ್ಧತಿ. 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವು ಇವರನ್ನು ಬಯಸಿ ಬಂದಿತು. ರಾಯಚೂರು ಆಗ ನಿಜಾಮರ ಸಂಸ್ಥಾನದಲ್ಲಿದ್ದು, ಉರ್ದು ಅಲ್ಲಿನ ರಾಜಭಾಷೆಯಾಗಿತ್ತು. ಕನ್ನಡವು ಶಾಲೆಯಲ್ಲಿ ಸ್ಥಾನಕ್ಕಾಗಿ ಕಾದಿದ್ದ ಆ ನೆಲದಲ್ಲಿ, ಮಕ್ಕಳಿಗೆ ಕನ್ನಡವನ್ನು ಕಲಿಸುತ್ತಲೇ ಆಯುಷ್ಯವನ್ನು ಸವೆಸಿದ ಉಪಾಧ್ಯಾಯರೊಬ್ಬರು ಆ ಪೀಠವನ್ನೇರಿದುದು ಉಚಿತವೇ ಆಯಿತು. 1937ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ಅವರು ದೇಹವನ್ನು ಬಿಟ್ಟರು.

ಇಂದು ಮಂಗಳೂರಿನಲ್ಲಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಿದೆ. ಪಠ್ಯಕ್ರಮಗಳು ಹಲವು ಸಲ ಬದಲಾಗಿವೆ. ಆದರೂ ಹೊಸದಾಗಿ ಶಾಲೆಗೆ ಕಾಲಿಟ್ಟ ಉಪಾಧ್ಯಾಯನ ಮುಂದಿರುವ ಕಷ್ಟವು ಹಳೆಯದೇ: ವಿಷಯಗಳು ಹಲವು, ಮಕ್ಕಳ ಮನೆಮಾತುಗಳು ಹಲವು, ಕಲಿಸುವವನು ಒಬ್ಬನು. ಆ ಒಬ್ಬನು ಎಲ್ಲ ವಿಷಯಗಳಲ್ಲಿಯೂ ಪಾರಂಗತನಾಗುವುದು ದುರ್ಲಭ. ಮಗುವನ್ನು ಅರಿತವನಾಗುವುದು ಸಾಧ್ಯ. ಮಠಗಳ ಆಶ್ರಯದಲ್ಲಿ ಶಾಲೆಗಳನ್ನು ನಡೆಯಿಸುವವರು ಕಟ್ಟಡಕ್ಕೆ ಕಲ್ಲನ್ನು ಆರಿಸುವಷ್ಟೇ ಶ್ರದ್ಧೆಯಿಂದ ಒಂದನೆಯ ತರಗತಿಯ ಉಪಾಧ್ಯಾಯನನ್ನು ಆರಿಸಿ ಸಿದ್ಧಗೊಳಿಸಬೇಕೆಂಬುದೇ ರಾಯರ ಚರಿತ್ರೆಯಿಂದ ನಾವು ಗ್ರಹಿಸತಕ್ಕ ನೀತಿಯು. ಉಪಾಧ್ಯಾಯರಿಗೆ ಉಪಾಧ್ಯಾಯರಾಗಿದ್ದ ಈ ಮಹನೀಯರು ತಮಗೆ ಇಟ್ಟುಕೊಂಡ ಕಾವ್ಯನಾಮವು ಕವಿಶಿಷ್ಯನೆಂದು. ಕೊನೆಯ ತನಕ ಶಿಷ್ಯನಾಗಿ ಉಳಿಯಬಲ್ಲವನೇ ಗುರುವಾಗಬಲ್ಲನು.