ಮಂಕಾದ ನಕ್ಷತ್ರದ ಲೆಕ್ಕ ಹಿಡಿದ ಹುಡುಗ

ನನಗೀಗ ಇಪ್ಪತ್ತು. ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ದಿನಾ ಬಸ್ಸಿನಲ್ಲಿ ಓಡಾಡಿ ಬಿ.ಇ. ಓದುತ್ತಿದ್ದೇನೆ. ಎರಡು ವಿಷಯ ಬ್ಯಾಕ್ ಉಳಿದಿವೆ. ಈ ವಯಸ್ಸಿಗೆ, ಈ ಊರಲ್ಲಿ ಕುಳಿತು ಏನು ತಾನೇ ಮಾಡಲಾದೀತು ಎಂದು ಗೊಣಗುತ್ತಿದ್ದ ನನ್ನ ಬಾಯಿ ಮುಚ್ಚಿಸಿದವನು ಜಾನ್ ಗುಡ್ರಿಕ್.

1764ರಲ್ಲಿ ನೆದರ್ಲೆಂಡ್ಸಿನ ಗ್ರೋನಿಂಗೆನ್‌ನಲ್ಲಿ ಹುಟ್ಟಿದ ಅವನಿಗೆ ಎಳವೆಯಲ್ಲೇ ಕಿವಿ ಕೇಳಿಸದಾಯಿತು. ಎಡಿನ್‌ಬರೋದ ಕಿವುಡ ಮಕ್ಕಳ ಶಾಲೆಯಲ್ಲಿ ಕಲಿತ. ಮುಂದೆ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿದ್ದಾಗ ಎಡ್ವರ್ಡ್ ಪಿಗಟ್ ಎಂಬ ಗೆಳೆಯನ ಜೊತೆ ಆಕಾಶ ನೋಡುವ ಗೀಳು ಹತ್ತಿತು.

1782ರ ನವೆಂಬರ್ 12ರ ರಾತ್ರಿ ಆಲ್ಗಾಲ್ ನಕ್ಷತ್ರ ಎಂದಿಗಿಂತ ಮಂಕಾಗಿತ್ತು. ಅವನು ಅಷ್ಟಕ್ಕೇ ಬಿಡಲಿಲ್ಲ. ರಾತ್ರಿ ರಾತ್ರಿ ಅದನ್ನು ಅಕ್ಕಪಕ್ಕದ ನಕ್ಷತ್ರಗಳೊಡನೆ ಹೋಲಿಸಿ ಬರೆದಿಟ್ಟ. ಸುಮಾರು 2 ದಿನ 21 ಗಂಟೆಗೊಮ್ಮೆ ಅದರ ಬೆಳಕು ಕುಗ್ಗುತ್ತದೆ ಎಂಬ ಲೆಕ್ಕ ಸಿಕ್ಕಿತು. ಯಾವುದೋ ಕಾಯ ಸುತ್ತುತ್ತಾ ಅಡ್ಡ ಬರುತ್ತಿರಬಹುದು, ಇಲ್ಲವೇ ನಕ್ಷತ್ರದ ಒಂದು ಮಗ್ಗುಲಲ್ಲಿ ಕಲೆಗಳಿರಬಹುದು ಎಂದು ಊಹಿಸಿದ. 1783ರಲ್ಲಿ ರಾಯಲ್ ಸೊಸೈಟಿ ಕೋಪ್ಲಿ ಪದಕ ಕೊಟ್ಟಾಗ ಅವನಿಗೆ ಇಪ್ಪತ್ತೂ ತುಂಬಿರಲಿಲ್ಲ.

ನನ್ನ ಮಿನಿ ಪ್ರಾಜೆಕ್ಟ್ ಅದೇ ಆಲ್ಗಾಲ್. ಒಂದನ್ನೊಂದು ಮರೆಮಾಡುವ ಎರಡು ಗೋಳಗಳ ಬೆಳಕನ್ನು ಪೈಥಾನ್‌ನಲ್ಲಿ ಲೆಕ್ಕ ಹಾಕಿದೆ. ಬೆಳಕು ಮೂರನೇ ಒಂದು ಭಾಗಕ್ಕೆ ಇಳಿಯುವ ದೊಡ್ಡ ತಗ್ಗು ಸರಿಯಾಗಿಯೇ ಬಂತು. ಆದರೆ ಅಳತೆಯ ಚುಕ್ಕಿಗಳಲ್ಲಿ ನಡುವೆ ಇನ್ನೊಂದು ಪುಟ್ಟ ತಗ್ಗಿತ್ತು, ನನ್ನ ಗೆರೆಯಲ್ಲಿ ಇರಲಿಲ್ಲ. ಅಳತೆಯೇ ತಪ್ಪಿರಬೇಕು ಎಂದುಕೊಂಡೆ. ತಪ್ಪು ನನ್ನದೇ. ಅಡ್ಡ ಬರುವ ಗೋಳ ಪೂರ್ತಿ ಕತ್ತಲು ಎಂದುಕೊಂಡಿದ್ದೆ. ಅದೂ ನಕ್ಷತ್ರವೇ, ದೊಡ್ಡದು, ಆದರೆ ಮಂದ. ಪ್ರಕಾಶದ ನಕ್ಷತ್ರ ಅದನ್ನು ಮರೆಮಾಡಿದಾಗಲೂ ಕೊಂಚ ಬೆಳಕು ಕಡಿಮೆಯಾಗುತ್ತದೆ. ಅದಕ್ಕೂ ಒಂದಿಷ್ಟು ಬೆಳಕು ಕೊಟ್ಟೆ, ಗೆರೆ ಚುಕ್ಕಿಗಳ ಮೇಲೆ ಕೂತಿತು. ಬರಿಗಣ್ಣಿಗೆ ಕಾಣದ ಆ ಪುಟ್ಟ ತಗ್ಗನ್ನು ಜೋಯೆಲ್ ಸ್ಟೆಬಿನ್ಸ್ ಉಪಕರಣದಿಂದ ಪತ್ತೆ ಮಾಡಿದ್ದೇ 1910ರಲ್ಲಿ.

ಗುಡ್ರಿಕ್ 1784ರಲ್ಲಿ ಬೀಟಾ ಲೈರೆ, ಡೆಲ್ಟಾ ಸೆಫಿ ನಕ್ಷತ್ರಗಳ ಏರಿಳಿತವನ್ನೂ ಗುರುತಿಸಿದ. 1786ರ ಏಪ್ರಿಲ್ 16ರಂದು ರಾಯಲ್ ಸೊಸೈಟಿಯ ಸದಸ್ಯನಾಗಿ ಆಯ್ಕೆಯಾದ. ನಾಲ್ಕೇ ದಿನಕ್ಕೆ ತೀರಿಕೊಂಡ, 21ರ ವಯಸ್ಸಿಗೆ. ಆಲ್ಗಾಲ್‌ಗೆ ಜೊತೆಗಾರನಿರುವುದನ್ನು ಜರ್ಮನಿಯ ಫೋಗೆಲ್ ಖಚಿತಪಡಿಸಿದ್ದು 1889ರಲ್ಲಿ. ತನ್ನ ಊಹೆ ನಿಜವೆಂದು ಅವನಿಗೆ ಗೊತ್ತಾಗಲೇ ಇಲ್ಲ.

ಬರುವ ವರ್ಷ ನನಗೂ 21. ಪದಕದ ಆಸೆಯೇನಿಲ್ಲ. ಬ್ಯಾಕ್ ಉಳಿದ ಎರಡು ವಿಷಯ ಮುಗಿಸಬೇಕು. ನವೆಂಬರ್‌ನಲ್ಲಿ ಮೋಡ ಸರಿದ ಮೇಲೆ ಮನೆಯ ತಾರಸಿ ಹತ್ತಿ, ಆಲ್ಗಾಲ್ ಮಂಕಾಗುವುದನ್ನು ಒಮ್ಮೆಯಾದರೂ ನನ್ನ ಕಣ್ಣಿನಿಂದಲೇ ನೋಡಿ ಬರೆದಿಡಬೇಕು.